ಕೈ ತುಂಬ ಕೆಲಸ

ಎಸ್ಪೊ, ಫಿನ್ಲೆಂಡ್
9 ನವೆಂಬರ್ 2025, ಭಾನುವಾರ

ಅಪ್ಪಯ್ಯನಿಗೂ ಅಮ್ಮನಿಗೂ ನಿಮ್ಮ ಮಗಳ ನಮಸ್ಕಾರ.

ನಾವು ಮೂವರೂ ಕ್ಷೇಮ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ದೀಪಾವಳಿಗೆ ನನ್ನ ಸ್ಟೇಟಸ್ ಕಾಣಲಿಲ್ಲ ಅಂತ ಕೊಪ್ಪದ ಅತ್ತೆ ಅಮ್ಮನಿಗೆ ಫೋನ್ ಮಾಡಿ, ಅಮ್ಮ ತಮ್ಮನಿಗೆ ಹೇಳಿ, ತಮ್ಮ ಇವರಿಗೆ 'ಭಾವ, ಅಕ್ಕ ಹುಷಾರಾಗಿದ್ದಾಳಾ?' ಅಂತ ಮೆಸೇಜ್ ಹಾಕಿದ್ದು ಗೊತ್ತಾಯಿತು. ಹುಷಾರಾಗಿದ್ದೇನೆ. ಜಗಳ ಆಗಿಲ್ಲ, ಕೆಲಸ ಹೋಗಿಲ್ಲ. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ ಎರಡನ್ನೂ ಜೂನ್ ತಿಂಗಳಲ್ಲಿ ಫೋನಿನಿಂದ ತೆಗೆದೆ, ಅಷ್ಟೇ. ವಾಟ್ಸಾಪ್ ನಿಮಗೋಸ್ಕರ ಇಟ್ಟಿದ್ದೇನೆ. ಸ್ಟೇಟಸ್ ಮಾತ್ರ ಹಾಕುವುದೂ ಇಲ್ಲ, ನೋಡುವುದೂ ಇಲ್ಲ. ಅತ್ತೆಗೆ ಬೇಜಾರಾಗದ ಹಾಗೆ ಹೇಳು ಅಮ್ಮ. ದಿನಾ ಅವರು ಹಾಕುವ ದೇವರ ಫೋಟೋ ತಪ್ಪಿಹೋಗುತ್ತಿದೆ ಅಂತ ನನಗೂ ಸ್ವಲ್ಪ ಪಾಪಪ್ರಜ್ಞೆ ಇದೆ.

'ಮತ್ತೆ ಹೊತ್ತು ಹೇಗೆ ಹೋಗುತ್ತೆ ಮಗಾ?' ಅಂತ ನೀನು ಕೇಳಿದೆಯಲ್ಲ. ಫೋನಿನಲ್ಲಿ ಹೇಳಲು ಹೊರಟರೆ ನಡುವೆ ಕುಕ್ಕರ್ ಕೂಗುತ್ತದೆ, ನೀನು 'ತಡಿ' ಅಂತ ಹೋಗುತ್ತೀಯ. ಅದಕ್ಕೇ ಪತ್ರ.

ಬಿಟ್ಟ ಹೊಸದರಲ್ಲಿ ಒಂದೂ ಸರಿಹೋಗಲಿಲ್ಲ. ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಗಂಟೆ ನೋಡುತ್ತಿದ್ದೆ ಅಂತ ಫೋನೇ ಲೆಕ್ಕ ಕೊಟ್ಟಿತ್ತು. ಆ ನಾಲ್ಕು ಗಂಟೆ ಇದ್ದಕ್ಕಿದ್ದಂತೆ ಮಡಿಲಿಗೆ ಬಂದು ಬಿದ್ದರೆ ಏನು ಮಾಡುವುದು? ವಾಕಿಂಗ್ ಹೋದೆ. ಎಷ್ಟು ಹೆಜ್ಜೆ ಆಯಿತು ಅಂತ ನೋಡಲು ಫೋನ್ ತೆಗೆದವಳು ಬೆಂಚಿನ ಮೇಲೆ ಕೂತು ಯಾರದೋ ಅಡುಗೆ ವಿಡಿಯೊ ನೋಡುತ್ತಿದ್ದೆ. ಪುಸ್ತಕ ಹಿಡಿದೆ. ಮೂರು ಪುಟಕ್ಕೆ ಒಂದು ಶಬ್ದದ ಅರ್ಥ ಹುಡುಕುವ ನೆಪ, ಮತ್ತೆ ಅದೇ ಕಥೆ. ಯೋಗದ ಪಾಠವೂ ಫೋನಿನಲ್ಲೇ ಅಲ್ವಾ! ಒಟ್ಟಿನಲ್ಲಿ ಒಂದು ಕೈ ಖಾಲಿ ಇದ್ದರೆ ಸಾಕು, ಅದು ತಾನಾಗೇ ಜೇಬಿಗೆ ಹೋಗುತ್ತಿತ್ತು.

ಜುಲೈ ಕೊನೆಯಲ್ಲಿ ಎದುರುಮನೆ ಅಜ್ಜಿ ಎರಡು ಬಕೆಟ್ ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು. ಎಲ್ಲಿಗೆ ಅಂತ ಪುಟ್ಟಿ ಕೇಳಿದಳು. 'ಮುಸ್ತಿಕ್ಕ' ಅಂದರು. ಇವಳೂ ಹೊರಟಳು, ಇವಳ ಹಿಂದೆ ನಾನು. ನೂಕ್ಸಿಯೊ ಅಂತ ದೊಡ್ಡ ಕಾಡು, ನಮ್ಮ ಊರಿನಿಂದಲೇ ಬಸ್ಸು ಇದೆ. ನ್ಯಾಷನಲ್ ಪಾರ್ಕ್ ಆದರೂ ಹಣ್ಣು ಕೊಯ್ಯಬಹುದು. ಈ ದೇಶದಲ್ಲಿ ಕಾಡು ಯಾರದ್ದೇ ಇರಲಿ, ಅದರ ಹಣ್ಣು, ಅಣಬೆ ಕೊಯ್ಯಲು ಯಾರನ್ನೂ ಕೇಳಬೇಕಾಗಿಲ್ಲ. ನನ್ನಂಥ ಹೊರಗಿನವರಿಗೂ ಆ ಹಕ್ಕು ಇದೆ. ಮನೆಯ ಅಂಗಳಕ್ಕೆ ನುಗ್ಗಬಾರದು, ಮರದ ಕೊಂಬೆ ಮುರಿಯಬಾರದು, ಪಾಚಿ ಕೀಳಬಾರದು, ಅಷ್ಟೇ. ಅಪ್ಪಯ್ಯ, ನಮ್ಮ ಸೊಪ್ಪಿನಬೆಟ್ಟದಲ್ಲಿ ಅಣಬೆ ಎದ್ದರೆ ಮೊದಲು ಕಂಡವರದ್ದು ಅಂತಿದ್ದಿರಲ್ಲ, ಹಾಗೇ. ಇವರು ಅದನ್ನು ಕಾನೂನಿನ ಮಾತಾಗಿ ಇಟ್ಟುಕೊಂಡಿದ್ದಾರೆ.

ಮುಸ್ತಿಕ್ಕ ಅಂದರೆ ಅಂಗಡಿಯ ಬ್ಲೂಬೆರ್ರಿ ಅಲ್ಲ. ಅದರ ಒಳಗೆ ಬಿಳಿ, ಇದರ ಒಳಗೂ ನೀಲಿ. ಗಿಡ ಮೊಣಕಾಲಿಗೂ ಬರುವುದಿಲ್ಲ. ಹಣ್ಣು ನಮ್ಮ ಕವಳಿಹಣ್ಣಿಗಿಂತ ಸಣ್ಣದು. ತಿಂದರೆ ನೇರಳೆ ತಿಂದ ಹಾಗೆ ನಾಲಿಗೆಗೆ ಬಣ್ಣ. ಬಾಚಣಿಗೆಗೂ ಮೊಗೆಯುವ ಸೌಟಿಗೂ ಮದುವೆ ಮಾಡಿದಂಥ ಒಂದು ಸಾಮಾನು ಇದೆ, ಪೊಯ್ಮುರಿ ಅನ್ನುತ್ತಾರೆ. ಅದರಲ್ಲಿ ಗಿಡ ಬಾಚುತ್ತ ಹೋದರೆ ಹಣ್ಣು ಡಬ್ಬಿಗೆ ಬೀಳುತ್ತದೆ, ಜೊತೆಗೆ ಎಲೆಯೂ. ಸೊಂಟ ನೋವು ಕೇಳಬೇಡಿ. ಸೊಳ್ಳೆ ನಮ್ಮೂರಿನ ಸೊಳ್ಳೆಯ ದೊಡ್ಡಪ್ಪ. ಆಗಸ್ಟ್ ಕಳೆದರೆ ಇನ್ನೊಂದು ಪೀಡೆ: ಒಂದು ಜಾತಿಯ ನೊಣ ಮೈಮೇಲೆ ಕೂತ ಕೂಡಲೇ ತನ್ನ ರೆಕ್ಕೆ ತಾನೇ ಕಳಚಿ ತಲೆಗೂದಲಿಗೆ ಇಳಿಯುತ್ತದೆ. ಉಂಬಳವೇ ವಾಸಿ, ಅದಕ್ಕಾದರೂ ಸುಣ್ಣ ಹಚ್ಚಬಹುದು.

ಅವತ್ತು ಕಾಡಿನಲ್ಲಿ ಫೋನ್ ರಿಂಗಾಯಿತು. ತೆಗೆದರೆ ಬೆರಳೆಲ್ಲ ನೀಲಿ ರಸ, ಪರದೆ ನನ್ನ ಬೆರಳಿನ ಗುರುತೇ ಹಿಡಿಯಲಿಲ್ಲ. ಹಾಗೇ ವಾಪಸ್ ಇಟ್ಟೆ. ಸಂಜೆ ಮನೆಗೆ ಬಂದ ಮೇಲೆ ಹೊಳೆಯಿತು, ಎರಡೂವರೆ ಗಂಟೆ ಅದನ್ನು ಮುಟ್ಟಿಯೇ ಇರಲಿಲ್ಲ. ನನ್ನ ಮನಸ್ಸು ಗಟ್ಟಿ ಆಗಿದ್ದಕ್ಕಲ್ಲ, ಕೈ ಅಂಟಾಗಿದ್ದಕ್ಕೆ!

ಅಲ್ಲಿಂದ ನನಗೆ ದಾರಿ ಸಿಕ್ಕಿತು. ಎರಡೂ ಕೈ ಬೇಡುವ ಕೆಲಸ ಹುಡುಕಬೇಕು. ಕೈ ಒದ್ದೆಯೋ ಕೊಳೆಯೋ ಆದರೆ ಇನ್ನೂ ಒಳ್ಳೆಯದು.

ಹಣ್ಣು ಆರಿಸುವುದೇ ಮೂರು ಸಂಜೆಯ ಕೆಲಸ ಆಯಿತು. ಅಮ್ಮ, ನೀನು ಮೊರದಲ್ಲಿ ಕೇರುವ ಹಾಗೆ ಊಟದ ತಟ್ಟೆಯಲ್ಲಿ ಕೇರಿ ಎಲೆ ಹಾರಿಸಲು ಹೋದೆ. ಅರ್ಧ ಹಣ್ಣು ಸೋಫಾದ ಅಡಿಗೆ. ಇವರು ಒಂದು ವಾರ ಬಿಳಿ ಕಾಲುಚೀಲ ಹಾಕುವ ಧೈರ್ಯ ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಅಣಬೆ. ಇಲ್ಲಿ ಒಂದು ನಾಚಿಕೆಗೇಡಿನ ಕಥೆ ಹೇಳಲೇಬೇಕು. ಮಲೆನಾಡಿನವಳು, ನನಗೆ ಅಣಬೆ ಗೊತ್ತಿಲ್ಲವೇ ಅಂತ ಒಂದು ಬುಟ್ಟಿ ತುಂಬಿಸಿಕೊಂಡು ಅಜ್ಜಿಯ ಮುಂದೆ ಸುರಿದೆ. ಅವರು ಮಾತಾಡದೆ ಒಂದೊಂದೇ ಎತ್ತಿ ಪೇಪರಿನ ಮೇಲೆ ಬೇರೆ ಇಟ್ಟರು. ಮುಕ್ಕಾಲು ಬುಟ್ಟಿ ಆ ಕಡೆ ಹೋಯಿತು. ಒಂದು ಚೆಂದದ ಬಿಳಿ ಅಣಬೆ ಇತ್ತು, ನೋಡಿದರೆ ಹುತ್ತದ ಅಣಬೆಯ ತಂಗಿ. ಅದನ್ನು ಎತ್ತಿ ಕಸಕ್ಕೆ ಹಾಕಿ ಕೈ ತೊಳೆದು ಬಂದರು. ಬಿಳಿಯದನ್ನು ಮುಟ್ಟಲೇಬೇಡ, ಆ ಜಾತಿಯಲ್ಲಿ ಒಂದು ತಿಂದರೆ ಲಿವರ್ ಹೋಗಿ ಮನುಷ್ಯ ಸಾಯುತ್ತಾನೆ ಅಂದರು. ಗುರುತು ಹಿಡಿಯುವ ಆ್ಯಪ್ ಇದೆಯಲ್ಲ ಅಂದೆ. ಫೋನ್ ಕೇಳಿ ಅಣಬೆ ತಿನ್ನುವವರು ಆಸ್ಪತ್ರೆಯ ನಂಬರನ್ನೂ ಅದರಲ್ಲೇ ಇಟ್ಟುಕೊಂಡಿರಬೇಕು ಅಂದರು.

ಈಗ ಎರಡೇ ಎರಡು ಜಾತಿ ಕೊಯ್ಯುತ್ತೇನೆ. ಅರಿಸಿನ ಬಣ್ಣದ ಕಂತರೆಲ್ಲಿ ಒಂದು. ಇನ್ನೊಂದು ಕಂದು ಬಣ್ಣದ ತೆಳ್ಳನೆಯ ಆಲಿಕೆಯಂಥದ್ದು, ಹಿಮ ಬೀಳುವವರೆಗೂ ಸಿಗುತ್ತದೆ, ಪಾಚಿಯ ಮೇಲೆ ಒಂದು ಕಂಡರೆ ಸುತ್ತ ಐವತ್ತು ಇರುತ್ತವೆ. ಇಲ್ಲಿನವರು ತಿನ್ನುವ ಇನ್ನೊಂದು ಅಣಬೆ ಹಸಿಯಾಗಿದ್ದರೆ ವಿಷ. ಜಾಸ್ತಿ ನೀರಿನಲ್ಲಿ ಎರಡು ಸಲ ಕುದಿಸಿ, ಎರಡು ಸಲವೂ ನೀರು ಚೆಲ್ಲಿ, ತೊಳೆದು ಆಮೇಲೆ ಅಡುಗೆ. ಕುದಿಯುವಾಗ ಕಿಟಕಿ ತೆಗೆದಿರಬೇಕು, ಹಬೆಯೂ ಒಳ್ಳೆಯದಲ್ಲ. ಕೆಸುವಿಗೆ ಹುಳಿ ಹಾಕಿ ತುರಿಕೆ ತೆಗೆಯುವ ನಮಗೇ ಇದು ಅತಿ ಅನ್ನಿಸಿತು. ಕಂತರೆಲ್ಲಿಗೆ ನಿನ್ನ ಹಾಗೆ ಕಾಯಿ, ಮೆಣಸು, ಬೆಳ್ಳುಳ್ಳಿ ಅರೆದು ಸಾರು ಮಾಡಿದೆ. ಚೆನ್ನಾಗಿತ್ತು. ನಮ್ಮ ಮನೆಯ ಸಾರಿನ ಹತ್ತಿರ ಬರಲಿಲ್ಲ, ಆ ಮಾತು ಬೇರೆ.

ಶನಿವಾರ ಪುಟ್ಟಿಯೂ ನಾನೂ ಹೆಲ್ಸಿಂಕಿಯ ಲೈಬ್ರರಿಗೆ ಹೋಗುತ್ತೇವೆ. ಪಾರ್ಲಿಮೆಂಟಿನ ಎದುರಿಗೇ ಇದೆ, 2018ರ ಡಿಸೆಂಬರಿನಲ್ಲಿ ಶುರುವಾದದ್ದು. ಅದರ ಹೆಸರು ಏನು ಗೊತ್ತಾ? ಓದಿ! ನಿಜವಾಗಿ. ಇವರ ಭಾಷೆಯಲ್ಲಿ ಅದಕ್ಕೆ ಒಂದು ಬಗೆಯ ಹಾಡು ಅಂತ ಅರ್ಥ. ಬೋರ್ಡು ನೋಡಿದರೆ 'ಓದಿ' ಅಂದಂತೆ ಕಾಣುತ್ತದೆ, ಇವರ ಬಾಯಲ್ಲಿ ಕೇಳಿದರೆ 'ಓಡಿ' ಅಂದಂತೆ ಇರುತ್ತದೆ. ನಾನಂತೂ ಅಲ್ಲಿ ಓದುವುದೂ ಕಡಿಮೆ. ಪುಸ್ತಕ ಇರುವುದು ಮೇಲಿನ ಮಹಡಿಯಲ್ಲಿ, ನಾನು ಹೋಗುವುದು ಎರಡನೆಯದಕ್ಕೆ. ಅಲ್ಲಿ ಹೊಲಿಗೆ ಮಿಷನ್ನುಗಳಿವೆ, ಅಂಚು ಓವರ್‌ಲಾಕ್ ಮಾಡುವ ಮಿಷನ್ ಇದೆ, ಹಾಡು ರೆಕಾರ್ಡ್ ಮಾಡುವ ಕೋಣೆಗಳಿವೆ. ಹೊತ್ತು ಗೊತ್ತುಮಾಡಿಕೊಂಡು ಹೋದರೆ ಹೊಲಿಯಲು ದುಡ್ಡು ಕೊಡಬೇಕಾಗಿಲ್ಲ. ನೀನು ಕೊಟ್ಟ ಹಳೇ ಇಳಕಲ್ ಸೀರೆ ಮಡಿಕೆಯಲ್ಲಿ ಹರಿದಿತ್ತಲ್ಲ, ಅದರಲ್ಲಿ ಪುಟ್ಟಿಗೆ ಲಂಗ ಹೊಲಿದೆ. ಬೈಯಬೇಡ, ಸೆರಗು ಹಾಗೇ ಇಟ್ಟಿದ್ದೇನೆ. ಪಕ್ಕದ ಮಿಷನ್ನಿನಲ್ಲಿ ಒಬ್ಬ ಹುಡುಗ ಟೆಂಟಿಗೆ ತೇಪೆ ಹಾಕುತ್ತಿದ್ದ. ನನ್ನ ಸೂಜಿಗೆ ದಾರ ಪೋಣಿಸಿಕೊಟ್ಟ. ಐದು ವರ್ಷ ಇಲ್ಲಿದ್ದೇನೆ, ಅಪರಿಚಿತರು ತಾವಾಗಿ ಬಂದು ಮಾತಾಡಿಸಿದ್ದು ಬಹುಶಃ ಅದೇ ಮೊದಲು.

ಶುಕ್ರವಾರ ರಾತ್ರಿ ಏಳರಿಂದ ಎಂಟು ನಮ್ಮ ಸೌನಾ, ಅಂದರೆ ಹಬೆಸ್ನಾನದ ಪಾಳಿ. ಕಟ್ಟಡದ ಕೆಳಗೆ ಎಲ್ಲ ಮನೆಗೂ ಸೇರಿ ಒಂದೇ ಇದೆ. ಎಂಬತ್ತು ಡಿಗ್ರಿ ಬಿಸಿ, ಕಲ್ಲಿನ ಮೇಲೆ ನೀರು ಸುರಿದರೆ ಬಚ್ಚಲ ಹಂಡೆಯ ಮುಚ್ಚಳ ತೆಗೆದಂತೆ ಹಬೆ. ಅಲ್ಲಿಗೆ ಫೋನ್ ಒಯ್ದರೆ ಅದರ ಕಥೆ ಮುಗಿಯಿತು. ಇವರ ಸೌನಾವನ್ನು ಯುನೆಸ್ಕೊದವರು 2020ರಲ್ಲಿ ತಮ್ಮ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ನೀರು ತುಂಬುವ ಹಬ್ಬದ ಎಣ್ಣೆಸ್ನಾನಕ್ಕೆ ಯಾರೂ ಅರ್ಜಿ ಹಾಕಿಲ್ಲವೇನೋ.

ಪುಟ್ಟಿಯದ್ದೂ ಹೇಳಬೇಕು. ಈ ಆಗಸ್ಟ್ 1ರಿಂದ ಇಲ್ಲಿನ ಶಾಲೆಗಳಲ್ಲಿ ಪಾಠದ ಹೊತ್ತು ಮೊಬೈಲ್ ಬಳಸುವಂತಿಲ್ಲ ಅಂತ ಕಾನೂನು ಬಂದಿದೆ, ಟೀಚರ್ ಒಪ್ಪಿದರೆ ಮಾತ್ರ. ನೋಕಿಯಾದ ದೇಶದಲ್ಲಿ! ಅದರ ಮುಖ್ಯ ಕಚೇರಿ ನಮ್ಮ ಎಸ್ಪೊದಲ್ಲೇ ಇದೆ. ತೋಟಕ್ಕೆ ಹೋಗುವಾಗ ನೀವು ಹಿಡಿಯುತ್ತಿದ್ದ ಟಾರ್ಚಿನ ಮೊಬೈಲ್ ನೆನಪಾಗುತ್ತದೆ ಅಪ್ಪಯ್ಯ. ಅದರಲ್ಲಿ ಇದ್ದದ್ದು ಬೆಳಕು, ಮಾತು, ಒಂದು ಹಾವಿನ ಆಟ. ಪಾಪ, ಆ ಹಾವು ಬಾಲ ಕಚ್ಚಿಕೊಂಡು ಸತ್ತರೆ ಆಟ ಮುಗಿಯುತ್ತಿತ್ತು. ಈಗಿನದ್ದಕ್ಕೆ ಮುಗಿಯುವುದೇ ಗೊತ್ತಿಲ್ಲ.

ಕಾಡು ಈಗ ಮುಗಿಯಿತು. ನಾಲ್ಕು ಗಂಟೆಗೆ ಕತ್ತಲು. ಮುಂದಿನ ತಿಂಗಳು ದಿನಕ್ಕೆ ಆರು ಗಂಟೆಯೂ ಬೆಳಕು ಇರುವುದಿಲ್ಲ. ಹೋದ ವರ್ಷ ಈ ಕತ್ತಲಲ್ಲೇ ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಊರಿನವರ ಮದುವೆ, ಗೃಹಪ್ರವೇಶ ನೋಡಿ ಅಳುತ್ತಿದ್ದೆ. ನಿಮಗೆ ಹೇಳಿರಲಿಲ್ಲ. ಈ ಸಲ ಎದುರುಮನೆ ಅಜ್ಜಿ ಉಲ್ಲನ್ ಕಾಲುಚೀಲ ಹೆಣೆಯಲು ಕಲಿಸಿದ್ದಾರೆ. ಐದು ಕಡ್ಡಿ, ಒಂದು ದಾರ. ಕುಣಿಕೆ ಎಣಿಸುತ್ತಿರಬೇಕು. ನಡುವೆ ಫೋನ್ ಕಡೆ ಕಣ್ಣು ಹೋದರೆ ಲೆಕ್ಕ ತಪ್ಪಿ ಬಿಚ್ಚಬೇಕು. ಹಿಮ್ಮಡಿ ತಿರುಗಿಸುವುದು ಬಹಳ ಕಷ್ಟ, ನಾಲ್ಕು ಸಲ ಬಿಚ್ಚಿದೆ. ಇದು ಮುದುಕಿಯರ ಕೆಲಸ ಅಂತ ತಮ್ಮ ನಗುತ್ತಾನೆ, ಗೊತ್ತು. ಯೊಎನ್ಸು ಅನ್ನುವ ಊರಿನಲ್ಲಿ 2019ರಲ್ಲಿ ಹೆವಿ ಮೆಟಲ್ ಹಾಡಿಗೆ ತಲೆ ಕುಣಿಸುತ್ತ ವೇದಿಕೆಯ ಮೇಲೆ ಹೆಣೆಯುವ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯಿತು ಅಂತ ಅವನಿಗೆ ಹೇಳಿ.

ಹೆಣೆಯುತ್ತ ಕೂತರೆ ನಮ್ಮ ಅಡಿಕೆ ಸುಲಿಯುವ ರಾತ್ರಿಗಳು ನೆನಪಾಗುತ್ತವೆ. ಊಟ ಮುಗಿಸಿ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಿದ್ದೆವು. ಕೈ ಕಪ್ಪಾಗಿ ಹೋಗುತ್ತಿತ್ತು, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಹಿಂದಿನ ರಾತ್ರಿಯ ಯಕ್ಷಗಾನದ ಆಟದಲ್ಲಿ ಭಾಗವತರು ಎಲ್ಲಿ ತಪ್ಪಿದರು, ಯಾರ ಮನೆಯ ಹೆಣ್ಣು ಎಲ್ಲಿಗೆ, ಹಳ್ಳದ ಹತ್ತಿರ ಯಾವ ದೆವ್ವ. ಹನ್ನೊಂದಕ್ಕೆ ಒಂದು ಕಾಫಿ. ಮಿಷನ್ ಬಂದದ್ದು ಒಳ್ಳೆಯದೇ ಆಯಿತು. ಜನ ಸಿಗುವುದಿಲ್ಲ, ಅಮ್ಮನ ಹೆಬ್ಬೆರಳಿನ ಗಾಯವೂ ಮಾಯಿತು. ಆದರೆ ಆ ಹೊತ್ತಿಗೆ ಈಗ ಅಪ್ಪಯ್ಯ ಜಗಲಿಯಲ್ಲಿ ಒಬ್ಬರೇ ಕೂತು ರೀಲ್ಸ್ ನೋಡುತ್ತಾರೆ, ಅಮ್ಮ ಒಳಗೆ ಸೀರಿಯಲ್ಲು, ಅಂತ ತಮ್ಮ ಹೇಳಿದ. ಚಾಡಿ ಅಂದುಕೊಳ್ಳಬೇಡಿ. ನಾನೇ ಕೇಳಿದ್ದು.

ಇವತ್ತು ಇಲ್ಲಿ ಅಪ್ಪಂದಿರ ದಿನ. ನಮ್ಮಲ್ಲೆಲ್ಲ ಜೂನಿನಲ್ಲಿ, ಇವರಿಗೆ ನವೆಂಬರಿನ ಎರಡನೇ ಭಾನುವಾರ. ಹೋದ ವರ್ಷ ಜೂನಿನಲ್ಲಿ ನಿಮ್ಮ ಫೋಟೋ ಹಾಕಿ ಉದ್ದಕ್ಕೆ ಏನೇನೋ ಬರೆದಿದ್ದೆ ಅಪ್ಪಯ್ಯ. ಇನ್ನೂರು ಜನ ಮೆಚ್ಚಿದರು. ಅದಕ್ಕೆಲ್ಲ ಉತ್ತರ ಕೊಡುತ್ತ ಕೂತು ಅವತ್ತು ನಿಮಗೆ ಫೋನ್ ಮಾಡುವುದನ್ನೇ ಮರೆತಿದ್ದೆ. ನೀವು ಫೇಸ್‌ಬುಕ್ಕಿನಲ್ಲಿ ಇಲ್ಲ, ಹಾಗಾಗಿ ನಿಮಗೆ ಅದೂ ಇಲ್ಲ, ಇದೂ ಇಲ್ಲ.

ಇದರ ಜೊತೆ ಒಂದು ಖಾಲಿ ಹಾಳೆ ಮಡಚಿ ಇಟ್ಟಿದ್ದೇನೆ. ಅದನ್ನು ನೆಲದ ಮೇಲೆ ಹಾಸಿ, ಅಪ್ಪಯ್ಯ ಬಲಗಾಲು ಇಟ್ಟು ನಿಲ್ಲಲಿ. ಅಮ್ಮ, ನೀನು ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆ. ನಾನು ಯಾವತ್ತು ಕಾಲುಚೀಲ ಹಾಕಿದವನು ಅಂತ ಅವರು ಅನ್ನುತ್ತಾರೆ, ಕೇಳಬೇಡ. ಮಾಗಿಯಲ್ಲಿ ಒಲೆ ಮುಂದೆ ಕೂತು ಪಾದ ಕಾಯಿಸಿಕೊಳ್ಳುವುದನ್ನು ನಾನು ನೋಡಿಲ್ಲವೇ? ಆಮೇಲೆ ಆ ಹಾಳೆಯನ್ನು ಪೋಸ್ಟಿಗೆ ಹಾಕು. ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಡ, ಅಳತೆ ಸಿಗುವುದಿಲ್ಲ.

ನಿಮ್ಮ ಮಗಳು