ಬರೆಯುವ ಮೊದಲೇ ಅಳಿಸುತ್ತೀಯಂತೆ

ಶಿವಮೊಗ್ಗ

ಚಿ. ಮಾನಸಾಗೆ ದೊಡ್ಡಪ್ಪನ ಆಶೀರ್ವಾದಗಳು.

ಮಂಡ್ಯದ ರೈತನ ಸಾವಿನ ಬಗ್ಗೆ ಬರೆದದ್ದಕ್ಕೆ ಕಂಪನಿಯವರು ನಿನ್ನ ಸೋಷಿಯಲ್ ಮೀಡಿಯಾ ಖಾತೆ ಮುಚ್ಚಿದ ವಿಚಾರ ನಿನ್ನಪ್ಪ ಫೋನಿನಲ್ಲಿ ಹೇಳಿದ್ದ, ಅದನ್ನು ಮತ್ತೆ ಕೆದಕುವುದಿಲ್ಲ. ಕಾಗದದ ಕೊನೆಗೆ ನೀನು ಬರೆದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ‘ಈಗ ರೈತನ ಆತ್ಮಹತ್ಯೆ ಅಂತ ಬರೆಯಲು ಹೋದರೆ ಬೆರಳು ತಡೆಯುತ್ತದೆ. ಕಂಪನಿಯ ಕಣ್ಣಿಗೆ ಬೀಳದಿರಲಿ ಅಂತ ಪದದ ನಡುವೆ ಚುಕ್ಕಿ ಹಾಕುತ್ತೇನೆ, ಆಮೇಲೆ ಸಾಲನ್ನೇ ತೆಗೆಯುತ್ತೇನೆ. ಯಾರೂ ತೆಗೆ ಅಂದಿರುವುದಿಲ್ಲ ದೊಡ್ಡಪ್ಪ’ ಎಂದಿದ್ದೀಯ. ಖಾತೆ ಇವತ್ತಲ್ಲ ನಾಳೆ ವಾಪಸು ಬಂದೀತು. ಯಾರೂ ಹೇಳದೆ ನೀನೇ ಸಾಲು ತೆಗೆಯುತ್ತೀಯಲ್ಲ, ನನ್ನ ಹೆದರಿಕೆ ಅದಕ್ಕೆ.

ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ದಿನಗಳ ಕಥೆ ನೀವೆಲ್ಲ ಕೇಳಿದ್ದೀರಿ. ಇದೊಂದನ್ನು ಹೇಳಿಲ್ಲ. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಸೆನ್ಸಾರ್ ಎಂದರೆ ದೊಡ್ಡ ಪತ್ರಿಕೆಗಳ ಸಂಕಟ ಅಂದುಕೊಂಡಿದ್ದೆವು. ದೆಹಲಿಯ ಇಂಡಿಯನ್ ಎಕ್ಸ್‌ಪ್ರೆಸ್ ಜೂನ್ 28ರಂದು ಸೆನ್ಸಾರನ್ನು ಪ್ರತಿಭಟಿಸಿ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟೇ ಅಚ್ಚು ಹಾಕಿತ್ತು. ನಮ್ಮ ಸಣ್ಣ ವಾರಪತ್ರಿಕೆಯ ಬಾಗಿಲಿಗೆ ಯಾವ ಅಧಿಕಾರಿಯೂ ಬರಲಿಲ್ಲ. ಯಜಮಾನರೇ ಓದಿ, ‘ಇದು ಬೇಡ, ಇದೂ ಬೇಡ’ ಎಂದು ಡ್ರಾಯರಿಗೆ ಹಾಕುತ್ತಿದ್ದರು. ಕೆಟ್ಟವರಲ್ಲ; ಏಳೆಂಟು ಸಂಸಾರ ಅವರನ್ನೇ ನಂಬಿತ್ತು. ನನ್ನ ಗೆಳೆಯನೊಬ್ಬ ವಾರವಾರ ಬರೆದು ತರುತ್ತಿದ್ದ. ಕೆಲವು ಲೇಖನ ಡ್ರಾಯರ್ ಸೇರಿದ ಮೇಲೆ ತಾನೇ ತಿದ್ದಿಕೊಂಡು ತರತೊಡಗಿದ. ಆಮೇಲೆ ಹಬ್ಬದ ಬಗ್ಗೆ, ಮಳೆಯ ಬಗ್ಗೆ ಬರೆದ. ಆಮೇಲೆ ತರಲೇ ಇಲ್ಲ. 1977ರಲ್ಲಿ ತುರ್ತುಪರಿಸ್ಥಿತಿ ಮುಗಿದ ಮೇಲೆ ಯಜಮಾನರು ‘ಈಗ ಹಾಕೋಣ, ಬಾ’ ಎಂದು ಹೇಳಿಕಳಿಸಿದರು. ಅವನು ಬರಲಿಲ್ಲ. ಬರವಣಿಗೆ ಅವನಿಗೆ ಮತ್ತೆ ಒದಗಲೇ ಇಲ್ಲ. ಆ ಹಾಳೆಗಳಲ್ಲಿ ಒಂದಾದರೂ ಉಳಿದಿದ್ದರೆ ಅವನ ಮಕ್ಕಳ ಕೈಗೆ ಕೊಡಬಹುದಿತ್ತು ಎಂಬ ಕೊರಗು ನನಗೆ ಇವತ್ತಿಗೂ ಹೋಗಿಲ್ಲ.

ನಿನ್ನ ಕಾಗದ ಓದಿದಾಗ ಅವನು ತಿದ್ದಿಕೊಂಡು ಬರತೊಡಗಿದ ಆ ವಾರಗಳೇ ನೆನಪಾದವು, ಮಗೂ.

ಮಾತಿನ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿ ಕಂಪನಿಗೆ ಅನ್ವಯಿಸುವುದಿಲ್ಲವೇ ಎಂದು ಕೇಳಿದ್ದೀಯ. ಅದು ಕಟ್ಟಿಹಾಕುವುದು ಮುಖ್ಯವಾಗಿ ಸರ್ಕಾರದ ಕೈಯನ್ನು. 2015ರಲ್ಲಿ ಸುಪ್ರೀಂ ಕೋರ್ಟು ಆನ್‌ಲೈನಿನಲ್ಲಿ ಬರೆದದ್ದಕ್ಕೆ ಜೈಲಿಗೆ ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿದ್ದು ಅದರ ಬಲದಿಂದಲೇ, ಆದರೆ ಅಲ್ಲಿ ಎದುರಿಗಿದ್ದದ್ದು ಪೊಲೀಸರು ಹಿಡಿದಿದ್ದ ಕಾನೂನು. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಅದೇ ಕೋರ್ಟಿನ ಸಂವಿಧಾನ ಪೀಠ, ಈ ಹಕ್ಕನ್ನು ಸರ್ಕಾರವಲ್ಲದವರ ವಿರುದ್ಧವೂ ಕೇಳಬಹುದು ಎಂದು ಬಹುಮತದಿಂದ ಹೇಳಿದೆ. ನನಗೆ ಅದರ ಮೇಲೆ ಆಸೆಯಿದೆ. ಬೇಡ ಎನ್ನುವ ಹಕ್ಕು ನಮ್ಮ ಯಜಮಾನರಿಗೂ ಇತ್ತು, ಒಪ್ಪುತ್ತೇನೆ. ಆದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಪ್ರೆಸ್ ಇತ್ತು. ಈಗ ನಾಲ್ಕೈದು ಕಂಪನಿಗಳು ಬೇಡ ಎಂದರೆ ನೀನು ಎಲ್ಲಿಗೆ ಹೋಗುತ್ತೀಯ?

ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನೇ 2019ರಲ್ಲಿ ಟ್ವಿಟರ್ ಅಮಾನತು ಮಾಡಿತ್ತು. ಅವರು ಹಾಕಿದ್ದು 1936ರ ಹ್ಯಾಂಬರ್ಗ್ ಹಡಗುಕಟ್ಟೆಯ ಫೋಟೊ. ಎಲ್ಲರೂ ನಾಜಿ ಸಲಾಮಿಗೆ ಕೈ ಎತ್ತಿದ್ದಾರೆ, ಒಬ್ಬ ಮಾತ್ರ ಕೈಕಟ್ಟಿ ನಿಂತಿದ್ದಾನೆ. ಅದನ್ನು ಟ್ವಿಟರಿನವರು ದ್ವೇಷದ ಚಿತ್ರ ಎಂದರು! ಎತ್ತಿದ ಕೈಗಳು ಕಂಡವು, ಕಟ್ಟಿದ ಕೈ ಕಾಣಲಿಲ್ಲ. ಸತ್ತವನಿಗಾಗಿ ಮರುಗಿದ ನಿನ್ನ ಬರಹ ನಿನ್ನ ಖಾತೆ ಮುಚ್ಚಿದವರಿಗೆ ಸಾವಿಗೆ ಪ್ರಚೋದನೆಯಾಗಿ ಕಂಡಿದ್ದೂ ಹೀಗೆಯೇ. ಹೆಗ್ಡೆಯವರು ದೆಹಲಿ ಹೈಕೋರ್ಟಿಗೆ ಹೋದರು. ನಮಗೆ ಅಷ್ಟು ಶಕ್ತಿಯಿಲ್ಲ, ಗೊತ್ತು.

ಏನು ಮಾಡು ಎಂದು ಹೇಳುವಷ್ಟು ಈ ಲೋಕ ನನಗೆ ತಿಳಿಯದು. ಕಂಪನಿಯ ದೂರು ಅಧಿಕಾರಿಗೆ ಬರೆದಿರಬೇಕು ನೀನು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದಂತೆ, ಆನ್‌ಲೈನಿನಲ್ಲೇ. ಅದು ಸರ್ಕಾರವೇ ನೇಮಿಸಿದ ಸಮಿತಿ ಎಂಬ ಅಳುಕು ನನಗೂ ಇದೆ, ಆದರೂ ಹಾಕಿ ನೋಡು. ಇನ್ನೊಂದು, ತಪ್ಪು ತಿಳಿಯಬೇಡ: ಮೊದಲು ನೋಟ್‌ಬುಕ್ಕಿನಲ್ಲಿ ಪೂರ್ತಿ ಬರೆ. ಅಲ್ಲಿ ಯಾರ ನಿಯಮವೂ ಇಲ್ಲ. ಪ್ರಕಟಿಸುವಾಗ ಚುಕ್ಕಿ ಹಾಕಬೇಕಾದರೆ ಹಾಕಿಕೋ, ಅದಕ್ಕೆ ನಾನು ಬೈಯುವುದಿಲ್ಲ. ಬರೆಯುವಾಗ ಮಾತ್ರ ಬೇಡ.

ಮಂಡ್ಯದ ಆ ಮನೆಯವರ ಬಗ್ಗೆ ಬರೆದದ್ದರ ಪೂರ್ತಿ ಪ್ರತಿ ನನಗೆ ಅಂಚೆಯಲ್ಲಿ ಕಳಿಸು. ಕಣ್ಣಿನ ಆಪರೇಷನ್ ಆದಮೇಲೆ ಫೋನಿನಲ್ಲಿ ಓದಲಾಗುತ್ತಿಲ್ಲ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸು. ತೆಗೆದ ಸಾಲುಗಳನ್ನೂ ಸೇರಿಸಿ.

ನಿನ್ನ ದೊಡ್ಡಪ್ಪ