ಒಂಬತ್ತನೇ ತರಗತಿಯ ಪೋಷಕರಿಗೆ: ಜೂನ್ ಅಲ್ಮೇಡಾ ಕುರಿತ ಭಾಷಣ ಮತ್ತು ಪ್ರಯೋಗಾಲಯ ಭೇಟಿ

ಮಾನ್ಯ ಪೋಷಕರೇ,

ನಮಸ್ಕಾರ. ವಿಜ್ಞಾನ ದಿನದ ಪ್ರಾರ್ಥನಾ ಸಭೆಯಲ್ಲಿ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬ್ರಿಟನ್ನಿನ ವೈರಾಣು ವಿಜ್ಞಾನಿ ಜೂನ್ ಅಲ್ಮೇಡಾ ಅವರ ಬಗ್ಗೆ ಮಾತನಾಡಿದಳು. ಅಂದಿನಿಂದ ಎರಡು ಬಗೆಯ ದೂರು ಕೇಳುತ್ತಿದ್ದೇನೆ. ಹದಿನಾರಕ್ಕೆ ಶಾಲೆ ಬಿಟ್ಟವರ ಕಥೆಯನ್ನು ಎಸ್‌ಎಸ್‌ಎಲ್‌ಸಿ ಹೊಸ್ತಿಲಲ್ಲಿರುವ ಮಕ್ಕಳಿಗೆ ಹೇಳಿಸಿದ್ದೇಕೆ ಎಂಬುದು ಒಂದು. ಡಾಕ್ಟರಾಗಬೇಕಾದ ಮಕ್ಕಳನ್ನು ಲ್ಯಾಬ್ ಟೆಕ್ನಿಷಿಯನ್‌ಗಳ ಕೆಲಸ ನೋಡಲು ಕರೆದೊಯ್ಯುವುದೇಕೆ ಎಂಬುದು ಇನ್ನೊಂದು. ವಿಷಯಕ್ಕೆ ಒಪ್ಪಿಗೆ ಕೊಟ್ಟವನು ನಾನು. ಕೇಳುವುದಿದ್ದರೆ ನನ್ನನ್ನು ಕೇಳಿ. ಆ ಹುಡುಗಿಯನ್ನು ಗೇಟಿನ ಬಳಿ ನಿಲ್ಲಿಸಿ ಪ್ರಶ್ನಿಸುವುದು ಬೇಡ.

ಜೂನ್ ಶಾಲೆ ಬಿಟ್ಟದ್ದು ಓದು ಬೇಸರವಾಗಿ ಅಲ್ಲ. ಅವರು 1930ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದರು. ತಂದೆ ಬಸ್ ಚಾಲಕರು. ವಿಜ್ಞಾನದಲ್ಲಿ ಮುಂದಿದ್ದ ಹುಡುಗಿಯನ್ನು ವಿಶ್ವವಿದ್ಯಾಲಯಕ್ಕೆ ಕಳಿಸಲು ಮನೆಯಲ್ಲಿ ಹಣವಿರಲಿಲ್ಲ, ಅಷ್ಟೇ. ನಗರದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ, ರೋಗಿಗಳ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವಿಭಾಗಕ್ಕೆ ಅವರು ತಂತ್ರಜ್ಞೆಯಾಗಿ ಸೇರಿದರು. ಮುಂದೆ ಲಂಡನ್, ಮದುವೆ, ಆಮೇಲೆ ಕೆನಡಾ. ಟೊರಾಂಟೊದ ಕ್ಯಾನ್ಸರ್ ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೈಗೆ ಸಿಕ್ಕಿತು. ಪದವಿ ಇಲ್ಲದಿದ್ದರೂ ಸಂಶೋಧನಾ ಲೇಖನಗಳಲ್ಲಿ ಅವರ ಹೆಸರು ಬರತೊಡಗಿತು.

ಅವರು ಪಳಗಿಸಿದ ವಿಧಾನವನ್ನು ನಮ್ಮ ಹುಡುಗಿ ಚೆನ್ನಾಗಿಯೇ ವಿವರಿಸಿದಳು, ಆದರೆ ದೂರು ಕೊಟ್ಟವರಾರೂ ಆ ಭಾಗದ ಮಾತೆತ್ತಲಿಲ್ಲ. ಮಾದರಿಯಲ್ಲಿ ವೈರಾಣುಗಳು ಅಲ್ಲೊಂದು ಇಲ್ಲೊಂದು ಚದುರಿದ್ದರೆ, ಕಾಣುವ ಚುಕ್ಕೆ ವೈರಾಣುವೋ ಕಸವೋ ಹೇಳಲಾಗದು. ಆ ಸೋಂಕಿನಿಂದ ಚೇತರಿಸಿಕೊಂಡವರ ರಕ್ತದಲ್ಲಿರುವ ಪ್ರತಿಕಾಯಗಳನ್ನು ಬೆರೆಸಿದರೆ ಅವು ತಮ್ಮ ವೈರಾಣುವನ್ನೇ ಹಿಡಿದು ಗುಂಪುಗೂಡಿಸುತ್ತವೆ. ಆಗ ಗುರುತು ಸಿಗುತ್ತದೆ. ರುಬೆಲ್ಲಾ ವೈರಾಣುವನ್ನು ಕಣ್ಣಿಗೆ ಕಾಣಿಸಿದವರು ಅವರು. ಹೆಪಟೈಟಿಸ್ ಬಿ ವೈರಾಣುವಿಗೆ ಒಳತಿರುಳು, ಹೊರಕವಚ ಎಂಬ ಎರಡು ಭಾಗಗಳಿವೆ ಎಂಬುದನ್ನೂ ತೋರಿಸಿದರು.

1964ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಶಾಲೆ ಅವರನ್ನು ಕರೆಸಿಕೊಂಡಿತು. ನೆಗಡಿಯ ಮೇಲೆ ಸಂಶೋಧನೆ ನಡೆಸುತ್ತಿದ್ದ ಡೇವಿಡ್ ಟೈರೆಲ್ ಅವರ ಬಳಿ, ನೆಗಡಿಯಾಗಿದ್ದ ಶಾಲಾ ಬಾಲಕನೊಬ್ಬನಿಂದ ತೆಗೆದ ಮಾದರಿಯಿತ್ತು. ಅದರಲ್ಲಿರುವುದು ಯಾವ ವೈರಾಣು ಎಂದು ತಿಳಿದಿರಲಿಲ್ಲ. ಜೂನ್ ಅದನ್ನು ನೋಡಿದರು. ಸುತ್ತಲೂ ಮುಳ್ಳಂಚಿನ ಕಣಗಳು. ಕೋಳಿ ಮತ್ತು ಇಲಿಯ ವೈರಾಣುಗಳಲ್ಲಿ ಅಂಥದ್ದೇ ರೂಪವನ್ನು ಅವರು ಮೊದಲೇ ಕಂಡಿದ್ದರು. ಆ ಹಿಂದಿನ ಲೇಖನವನ್ನು ಪರಿಶೀಲಕರು 'ಇವು ಇನ್‌ಫ್ಲುಯೆಂಜಾ ವೈರಾಣುವಿನ ಕಳಪೆ ಚಿತ್ರಗಳು' ಎಂದು ತಳ್ಳಿಹಾಕಿದ್ದರು. ಈ ಬಾರಿ ಹಾಗಾಗಲಿಲ್ಲ. 1967ರಲ್ಲಿ ಚಿತ್ರಗಳು ಅಚ್ಚಾದವು, ಮರುವರ್ಷ ಆ ಗುಂಪಿಗೆ ಕೊರೊನಾ ವೈರಾಣು ಎಂದು ಹೆಸರಾಯಿತು. ಯಾವ ವೈರಾಣುವಿನಿಂದಾಗಿ ನಿಮ್ಮ ಮಕ್ಕಳು ಎಳೆಯ ವಯಸ್ಸಿನಲ್ಲಿ ಮೊಬೈಲ್ ಮುಂದೆ ಕುಳಿತು ಪಾಠ ಕೇಳಿದರೋ ಅದು ಈ ಗುಂಪಿನದೇ. ಅವರಿಗೆ ಈ ಕಥೆ ತಟ್ಟಿದ್ದರಲ್ಲಿ ಆಶ್ಚರ್ಯವೇನಿದೆ?

ಓದು ಬಿಟ್ಟರೂ ನಡೆಯುತ್ತದೆ ಎಂದು ಶಾಲೆ ಹೇಳಿಲ್ಲ, ಹೇಳುವುದೂ ಇಲ್ಲ. ಜೂನ್ ಅವರೇ ಓದು ಬಿಟ್ಟವರಲ್ಲ. ಪ್ರಕಟಿಸಿದ ಸಂಶೋಧನೆಯ ಬಲದ ಮೇಲೆ ಡಾಕ್ಟರೇಟ್ ಪಡೆದರು. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಹಟಕ್ಕೆ ಬಿದ್ದ ಮಗ 'ಆಕೆಯೂ ಬಿಟ್ಟಿದ್ದರಲ್ಲ' ಎಂದರೆ ತಂದೆತಾಯಿಗೆ ಏನೆನ್ನಿಸುತ್ತದೆ ಎಂಬುದೂ ಗೊತ್ತು. ಅಂಥ ಮಗನಿಗೆ ಹಣವಿಲ್ಲದೆ ನಿಂತ ಓದು ಬೇರೆ, ಕೊಟ್ಟರೂ ಬೇಡವೆಂದ ಓದು ಬೇರೆ ಎಂದು ನಾನೇ ಕೂರಿಸಿಕೊಂಡು ಹೇಳುತ್ತೇನೆ, ಕಳುಹಿಸಿಕೊಡಿ. ಆದರೆ ಹದಿನಾರು ಎಂಬ ಸಂಖ್ಯೆಯನ್ನು ಮುಚ್ಚಿಟ್ಟು ಅವರ ಬದುಕನ್ನು ಹೇಳಿಸಲು ನಾನು ತಯಾರಿಲ್ಲ.

ಲ್ಯಾಬ್ ಟೆಕ್ನಿಷಿಯನ್ ಮಾತಿಗೆ ಬಂದರೆ, ಅದನ್ನು ಕೀಳು ದನಿಯಲ್ಲಿ ಹೇಳಿದ್ದು ನನಗೆ ಸರಿಬರಲಿಲ್ಲ. ಈ ತರಗತಿಯ ಪೋಷಕರಲ್ಲಿಯೇ ಆ ವೃತ್ತಿಯವರಿದ್ದಾರೆ. ಡಾಕ್ಟರು ಬರೆಯುವ ಚೀಟಿಯ ಹಿಂದೆ ಬಹಳಷ್ಟು ಸಲ ಅವರ ವರದಿಯೇ ಇರುತ್ತದೆ. ನಿಮ್ಮ ಮಗಳು ಡಾಕ್ಟರಾಗಲಿ, ಖಂಡಿತ ಆಗಲಿ. ಆದರೂ ರಕ್ತದ ಮಾದರಿ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ ಎಂದು ತಿಳಿದಿರಲಿ. ಇದು ಅರ್ಧ ದಿನದ ಭೇಟಿ. ಯಾರನ್ನೂ ಯಾವ ಕೋರ್ಸಿಗೂ ಸೇರಿಸುತ್ತಿಲ್ಲ. ಮಕ್ಕಳು ಮಾದರಿಗಳನ್ನು ಮುಟ್ಟುವುದಿಲ್ಲ, ರೋಗಿಗಳಿರುವ ವಾರ್ಡಿಗೆ ಹೋಗುವುದಿಲ್ಲ, ಇಬ್ಬರು ಶಿಕ್ಷಕಿಯರು ಜೊತೆಗಿರುತ್ತಾರೆ. ಕಳುಹಿಸಲೇಬೇಕೆಂಬ ಒತ್ತಾಯವೂ ಇಲ್ಲ. ಉಳಿದವರಿಗೆ ಎಂದಿನಂತೆ ಗಣಿತದ ತರಗತಿ ಇರುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಶುಕ್ರವಾರದೊಳಗೆ ಮಗುವಿನ ಕೈಯಲ್ಲಿ ಕಳುಹಿಸಿ.

ಇನ್ನೂ ಮಾತನಾಡಬೇಕೆನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಕೊಠಡಿಗೆ ಬನ್ನಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು