ಶ್ರೀಲಂಕಾದಲ್ಲಿ ಮಡಿದ ನಮ್ಮ ಕಮಾಂಡೊ ಯೋಧನ ಕಲ್ಲಿಗೆ ದೇಣಿಗೆ ಮನವಿ

ಊರಿನ ಹಿರಿಯರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ಮಾಜಿ ಸೈನಿಕರಿಗೆ ನಮಸ್ಕಾರ.

ಶಾಲೆಯ ಮೈದಾನದಂಚಿನ ಸ್ಮಾರಕ ಈ ಮಳೆಗಾಲದಲ್ಲಿ ಇನ್ನಷ್ಟು ವಾಲಿದೆ. ಭಾರತೀಯ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿ ಹಿಂತಿರುಗದ ಪ್ಯಾರಾ ಕಮಾಂಡೊ, ಇದೇ ಶಾಲೆಯಲ್ಲಿ ಓದಿದವರು. ಹೆಸರು ಕಲ್ಲಿನ ಮೇಲಿರಲಿ, ಕರಪತ್ರದಲ್ಲಿ ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ.

ಕಾರ್ಗಿಲ್ ಗೊತ್ತಿರುವ ಮಕ್ಕಳಿಗೆ ಉತ್ತರ ಶ್ರೀಲಂಕಾದ ಜಾಫ್ನಾ ಗೊತ್ತಿಲ್ಲ. 1987ರ ಅಕ್ಟೋಬರ್ 11ರ ನಡುರಾತ್ರಿ ಕಳೆಯುವ ಹೊತ್ತಿಗೆ 10ನೇ ಪ್ಯಾರಾ ಕಮಾಂಡೊ ಮತ್ತು 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯವರು ಹೆಲಿಕಾಪ್ಟರ್‌ಗಳಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಮೈದಾನಕ್ಕಿಳಿದರು. ರೇಡಿಯೊ ಮಾತು ಕದ್ದು ಕೇಳಿದ್ದ ಎಲ್‌ಟಿಟಿಇ (ಅಲ್ಲಿನ ತಮಿಳು ಬಂಡುಕೋರ ಸಂಘಟನೆ) ಕಾದು ಕುಳಿತಿತ್ತು. ಇಳಿದ 30 ಸಿಖ್ ಯೋಧರಲ್ಲಿ ಬದುಕಿದ್ದು ಒಬ್ಬರು. ದಿಲ್ಲಿಯ ರಾಷ್ಟ್ರೀಯ ಸಮರ ಸ್ಮಾರಕದಲ್ಲೂ ಕೊಲಂಬೊ ಬಳಿಯ ಸ್ಮಾರಕದಲ್ಲೂ ಈ ಪಡೆಯ ಹುತಾತ್ಮರ ಹೆಸರುಗಳಿವೆ. ಊರಿನಲ್ಲಿರುವುದು ಈ ವಾಲಿದ ಕಟ್ಟೆ.

ಕೆಟ್ಟದ್ದು ಎರಡು ಕಾರಣಕ್ಕೆ. ಮೈದಾನ ಸಮ ಮಾಡುವಾಗ ತುಂಬಿಸಿದ ಸಡಿಲ ಮಣ್ಣಿನ ಮೇಲೆ ಒಂದೇ ಅಡಿ ಆಳದ ತಳಪಾಯ; ಬರೆ (ಪಕ್ಕದ ಮಣ್ಣಿನ ದಿಬ್ಬ) ಕಡೆಯಿಂದ ಇಳಿಯುವ ನೀರಿಗೆ ದಾರಿಯೇ ಇಲ್ಲ. ಇಟ್ಟಿಗೆ ಕಟ್ಟೆಗೆ ಅಂಟಿಸಿದ ಮಾರ್ಬಲ್ ಹಲಗೆಗಳ ಹಿಂದೆ ನೀರು ನಿಂತು ಒಂದೊಂದೇ ಕಳಚಿವೆ. ಅಕ್ಷರಕ್ಕೆ ಬಳಿದಿದ್ದ ಬಣ್ಣ ಹೋಗಿ, ಈಗ ಪಾಚಿ ಉಜ್ಜಿದರೂ ಹೆಸರು ಓದಲಾಗುವುದಿಲ್ಲ.

ಈ ಬಾರಿ ಅಂಟಿಸುವ ಕೆಲಸವೇ ಬೇಡ. ಆರು ಅಡಿ ಎತ್ತರ, ಎರಡು ಅಡಿ ಅಗಲ, ಅರ್ಧ ಅಡಿ ದಪ್ಪದ ಒಂದೇ ಗ್ರಾನೈಟ್ ಕಲ್ಲು, ನಮ್ಮ ಹಳೆಯ ವೀರಗಲ್ಲುಗಳ ಹಾಗೆ. ತೂಕ ಸುಮಾರು 460 ಕೆಜಿ. ಒಂದೂವರೆ ಅಡಿ ಕಾಂಕ್ರೀಟಿನೊಳಗೆ ಹೋಗುತ್ತದೆ. ನಾಲ್ಕು ಅಡಿ ಚೌಕದ ಗುಂಡಿಯನ್ನು ಮೂರು ಅಡಿ ಅಗೆಯಬೇಕು, ಅಲ್ಲೂ ಗಟ್ಟಿ ಮಣ್ಣು ಸಿಗದಿದ್ದರೆ ಇನ್ನೂ ಆಳಕ್ಕೆ. ತಳಕ್ಕೆ ಅರ್ಧ ಅಡಿ ದಪ್ಪ ಜಲ್ಲಿ ಬಡಿದು, ಮೇಲೆ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್. 14 ದಿನ ಗೋಣಿ ಹೊದಿಸಿ ನೀರು ಹಾಕಬೇಕು. ಬರೆ ಪಕ್ಕದಲ್ಲಿ ಚರಂಡಿ. ಕಲ್ಲಿನ ನೆತ್ತಿ ಹಿಂದಕ್ಕೆ ಇಳಿಜಾರು, ಮುಖಕ್ಕೆ ಮಾತ್ರ ಪಾಲಿಶ್. ಅಕ್ಷರ ಒಂದೂವರೆ ಇಂಚು, ಆಳವಾಗಿ ಕೆತ್ತಿದ್ದು. ಅದಕ್ಕಿಂತ ಚಿಕ್ಕದಾದರೆ ಒತ್ತಕ್ಷರಗಳ ಅಂಚು ಚಕ್ಕೆ ಏಳುತ್ತದೆ.

ಬೇಕಾದದ್ದು: ಸಿಮೆಂಟ್ 15 ಚೀಲ, ಎಂ-ಸ್ಯಾಂಡ್ 35 ಘನ ಅಡಿ, 20 ಎಂಎಂ ಜಲ್ಲಿ 60 ಘನ ಅಡಿ, ಕಲ್ಲು ಮತ್ತು ಕೆತ್ತನೆಗೆ ಹಣ. ವಸ್ತು ಕೊಡುವವರು ಮೊದಲೇ ತಿಳಿಸಿ, ಸಿಮೆಂಟ್ ಬೇಗ ಬಂದರೆ ಈ ತೇವಕ್ಕೆ ಗಟ್ಟಿಯಾಗಿಬಿಡುತ್ತದೆ. ದಾನಿಗಳ ಹೆಸರು ಶಾಲೆಯ ಪುಸ್ತಕದಲ್ಲಿರುತ್ತದೆ, ಕಲ್ಲಿನ ಮೇಲಲ್ಲ.

ತುಲಾ ಸಂಕ್ರಮಣ ಕಳೆದ ಮೇಲೆ ಅಗೆತ, ನವೆಂಬರ್ ಒಳಗೆ ಕಲ್ಲು ನಿಲ್ಲಬೇಕು. ಡಿಸೆಂಬರ್ ಬಂದರೆ ಕಾಫಿ ಕೊಯ್ಲು, ಆಳು ಸಿಗುವುದಿಲ್ಲ. ಅನಾವರಣ ಮಾರ್ಚ್ 24ಕ್ಕೆ: 1990ರಲ್ಲಿ ಪಡೆಯ ಕೊನೆಯ ತುಕಡಿ ಲಂಕೆ ಬಿಟ್ಟ ದಿನ.

ಹಣವನ್ನು ಶಾಲಾ ಕಚೇರಿಯಲ್ಲೇ ಕೊಟ್ಟು ರಸೀದಿ ಪಡೆಯಿರಿ. ಕಲ್ಲು ಎತ್ತಿ ನಿಲ್ಲಿಸಲು ಮುಕ್ಕಾಲಿ, ಚೈನ್ ಪುಲ್ಲಿ ಇರುವವರು ಒಂದು ದಿನದ ಮಟ್ಟಿಗೆ ಕೊಟ್ಟರೆ ಬಾಡಿಗೆ ಉಳಿಯುತ್ತದೆ.